ಹದಿನೈದೋ ಇಪ್ಪತ್ತೋ ಗುಡಿಸಲು

ನಾನು ಎಂ.ಎ. ಇಂಗ್ಲಿಷ್‌ಗೆ ಸೇರಿದ ವರ್ಷ ಅಜ್ಜಿ ಕೇಳಿದ್ದು ಇಷ್ಟೇ. ‘ಅದ್ರಲ್ಲಿ ಏನು ಓದಿಸ್ತಾರೆ?’

ಕಥೆ, ಕವಿತೆ, ನಾಟಕ ಅಂದೆ.

‘ಯಾರ ಕಥೆ?’

ಈ ಎರಡನೇ ಪ್ರಶ್ನೆಗೆ ನನಗೆ ಉತ್ತರ ಕೊಡಲಾಗಲಿಲ್ಲ. ಡೆನ್ಮಾರ್ಕಿನ ರಾಜಕುಮಾರನ ಕಥೆ ಅನ್ನಲಾ? ಸ್ವರ್ಗದಿಂದ ಬಿದ್ದ ದೇವದೂತನ ಕಥೆ ಅನ್ನಲಾ? ಅಜ್ಜಿ ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಲವತ್ತು ವರ್ಷ ಹಣ್ಣು ಕೊಯ್ದವಳು. ಪುತ್ತೂರಿನ ಕಡೆಯಿಂದ ಹದಿನಾಲ್ಕರ ವಯಸ್ಸಿಗೆ ತೋಟಕ್ಕೆ ಆಳು ಕರೆತರುವ ಮೇಸ್ತ್ರಿಯ ಹಿಂದೆ ಶಿರಾಡಿ ಘಟ್ಟ ಹತ್ತಿ ಬಂದವಳು. ನಾನು ಹುಟ್ಟಿದ್ದೂ ಅದೇ ತೋಟದಲ್ಲಿ, ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಏಳನೇ ಕ್ಲಾಸಿನವರೆಗೆ ನನ್ನ ಲೋಕ ಅಂದರೆ ಎದುರುಬದುರು ನಿಂತ ಎರಡು ಲೈನು, ನಡುವೆ ಒಂದು ನಲ್ಲಿ, ಆಚೆಗೆ ಕಣ. ಅಷ್ಟೇ.

ಎರಡನೇ ವರ್ಷ ‘ಇಂಡಿಯನ್ ರೈಟಿಂಗ್ ಇನ್ ಇಂಗ್ಲಿಷ್’ ಅನ್ನುವ ಪೇಪರ್ ಬಂತು. ಆಗ ನಾನು ಅಜ್ಜಿಗೆ ಫೋನ್ ಮಾಡಿ ಹೇಳಿದೆ: ನಮ್ಮ ಕಡೆಯ ಕಥೆಯೇ ಸಿಕ್ಕಿತು, ಬಂದಾಗ ಓದಿ ಹೇಳ್ತೀನಿ.

ಆ ಪುಸ್ತಕ ರಾಜಾರಾವ್ ಅವರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’. ಗಾಂಧಿಯ ಚಳವಳಿ ಘಟ್ಟದ ಒಂದು ಹಳ್ಳಿಗೆ ಬಂದ ಕಥೆ.

ನಿಜ ಹೇಳಬೇಕು ಅಂದರೆ ಬಿ.ಎ.ಯಲ್ಲೇ ಅದು ನಮಗೆ ಪಠ್ಯವಾಗಿತ್ತು. ಆದರೆ ಮೂಲ ಪುಸ್ತಕವನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಕಣ್ಣಿಂದ ನೋಡಿರಲಿಲ್ಲ. ಎಲ್ಲರ ಕೈಯಲ್ಲೂ ಇದ್ದದ್ದು ತೆಳ್ಳನೆಯ ಗೈಡು. ಅದರಲ್ಲಿ ಆರು ಪ್ರಶ್ನೆ, ಆರು ಉತ್ತರ. ‘ಕಾಂತಾಪುರದಲ್ಲಿ ಗಾಂಧೀ ವಿಚಾರ’ ಗ್ಯಾರಂಟಿ ಬರುತ್ತೆ ಅಂತ ಸೀನಿಯರ್‌ಗಳು ಹೇಳಿದ್ದರು. ನಾನು ಹೇಗೋ ಲೈಬ್ರರಿಯಿಂದ ಮೊದಲ ಹತ್ತು ಪುಟದ ಜೆರಾಕ್ಸ್ ಮಾಡಿಸಿಕೊಂಡೆ. ಅದರಲ್ಲಿ ‘ಕಾರ್ನರ್ ಹೌಸ್ ಮೂರ್ತಿ’ ಅಂತ ಒಬ್ಬನಿದ್ದ. ಓದಿದ ಕೂಡಲೇ ಗೊತ್ತಾಯಿತು, ಇವನು ಮೂಲೆಮನೆ ಮೂರ್ತಿ. ಟೆಸ್ಟ್‌ನಲ್ಲಿ ಅದನ್ನೇ ಬರೆದೆ. ಈ ಇಂಗ್ಲಿಷ್ ಒಳಗೆ ಕನ್ನಡ ಇದೆ, ಹೆಸರುಗಳನ್ನು ನೋಡಿ ಅಂತ ಅರ್ಧ ಪುಟ. ಪೇಪರ್ ವಾಪಸ್ ಬಂದಾಗ ಆ ಅರ್ಧ ಪುಟದ ಮೇಲೆ ಉದ್ದಕ್ಕೆ ಕೆಂಪು ಗೆರೆ. ಪಕ್ಕದಲ್ಲಿ, ಪ್ರಶ್ನೆಗೆ ಸಂಬಂಧವಿಲ್ಲ ಎಂದು ಷರಾ. ಆ ಮೇಷ್ಟರು ಯಾರು, ಕಾಲೇಜು ಯಾವುದು ಅಂತ ಇಲ್ಲಿ ಬೇಡ. ಅವರಿಗೂ ಸಿಲಬಸ್ ಮುಗಿಸುವ ಅವಸರ ಇತ್ತು. ಆದರೆ ಆ ಗೆರೆಯಿಂದ ನನಗೆ ನೋವಾಗಿದ್ದು ಹೌದು. ಇಂಗ್ಲಿಷ್ ಓದುವಾಗ ಕನ್ನಡವನ್ನು ಚಪ್ಪಲಿ ಹಾಗೆ ಹೊರಗೆ ಬಿಟ್ಟು ಬರಬೇಕು ಅಂತ ನಾನು ಎರಡು ವರ್ಷ ನಂಬಿಕೊಂಡಿದ್ದೆ.

ಎಂ.ಎ.ಯಲ್ಲಿ ಪೂರ್ತಿ ಪುಸ್ತಕ ಕೈಗೆ ಬಂತು. ಮೈಸೂರಿನ ಹಾಸ್ಟೆಲ್, ರಾತ್ರಿ ಹತ್ತು ಗಂಟೆ, ನಾನು ಮೊದಲ ಪ್ಯಾರಾದಲ್ಲೇ ನಿಂತುಬಿಟ್ಟೆ. ನಮ್ಮೂರು, ನೀವು ಅದರ ಹೆಸರು ಕೇಳಿರಲಿಕ್ಕಿಲ್ಲ, ಕಾಂತಾಪುರ ಅಂತ, ಹೀಗೆ ಶುರುವಾಗುತ್ತೆ. ಆಮೇಲೆ ಒಂದು ವಾಕ್ಯ: ‘ಹೈ ಆನ್ ದಿ ಘಾಟ್ಸ್ ಈಸ್ ಇಟ್.’ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪ್ರಕಾರ ‘ಇಟ್ ಈಸ್’ ಮೊದಲು ಬರಬೇಕು. ಇಲ್ಲಿ ಅದು ಕೊನೆಗೆ ಹೋಗಿದೆ, ತಿರುಗುಮುರುಗಾಗಿ. ಬಾಯಿಬಿಟ್ಟು ಕನ್ನಡದಲ್ಲಿ ಹೇಳಿಕೊಂಡೆ. ‘ಘಟ್ಟದ ಮೇಲಿದೆ ಅದು.’ ಸರಿಯಾಗಿ ಕೂತಿತು. ಊರು ಯಾವುದು ಅಂತ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಹೆಂಗಸರು ಹೇಳುವುದೇ ಹೀಗೆ. ಅದೇ ಪ್ಯಾರಾದಲ್ಲಿ ಮಂಗಳೂರು ಬರುತ್ತೆ, ಪುತ್ತೂರು ಬರುತ್ತೆ, ಕಾಫಿ ಏಲಕ್ಕಿ ಬರುತ್ತೆ. ಅಜ್ಜಿಯ ಪುತ್ತೂರು, ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದ ಮೊದಲ ಪುಟದಲ್ಲಿ!

ರಾಜಾರಾವ್ ಹುಟ್ಟಿದ್ದು ಹಾಸನದಲ್ಲಿ, 1908ರಲ್ಲಿ. ಓದಲಿಕ್ಕೆ ಫ್ರಾನ್ಸಿಗೆ ಹೋದರು. ಅಲ್ಲಿದ್ದಾಗ ‘ಜಯ ಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲೂ ಬರೆಯುತ್ತಿದ್ದರು. ‘ಕಾಂತಾಪುರ’ ಬಂದದ್ದು 1938ರಲ್ಲಿ. ಅದಕ್ಕೆ ಅವರು ಬರೆದ ಪುಟ್ಟ ಮುನ್ನುಡಿಯನ್ನು ಈ ವಿಷಯ ಓದುವವರು ಯಾರೂ ಬಿಡುವ ಹಾಗಿಲ್ಲ. ನಮ್ಮದಲ್ಲದ ಮಾತಿನಲ್ಲಿ ನಮ್ಮದೇ ಆದ ಜೀವವನ್ನು ಹೇಳಬೇಕಿದೆ, ನಾವು ಇಂಗ್ಲಿಷರ ಹಾಗೆ ಬರೆಯಲಾರೆವು, ಬರೆಯಲೂಬಾರದು ಅನ್ನುತ್ತಾರೆ. ನಾವು ಬೇಗ ಯೋಚಿಸ್ತೀವಿ, ಬೇಗ ಮಾತಾಡ್ತೀವಿ, ನಮ್ಮ ಬಿಸಿಲಿನಲ್ಲೇ ಏನೋ ಇರಬೇಕು ಅನ್ನುತ್ತಾರೆ. ಆ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಬಿಸಿಲಿಗಿಂತ ವ್ಯಾಕರಣದಲ್ಲೇ ಉತ್ತರ ಇದೆ ಅಂತ ನನಗನ್ನಿಸುತ್ತೆ.

ಯಾಕೆ ಅಂತ ಹೇಳ್ತೀನಿ. ಈ ಪುಸ್ತಕದಲ್ಲಿ ‘ಆ್ಯಂಡ್’ ಅನ್ನುವ ಪದ ಎಷ್ಟು ಸಲ ಬರುತ್ತೆ ಅಂತ ಎಣಿಸಲು ಹೋಗಿ ಸೋತಿದ್ದೇನೆ. ಒಂದೊಂದು ವಾಕ್ಯ ಅರ್ಧ ಪುಟ ಓಡುತ್ತೆ, ಆ್ಯಂಡ್ ಆ್ಯಂಡ್ ಆ್ಯಂಡ್ ಅಂತ. ಕನ್ನಡದಲ್ಲಿ ಯೋಚಿಸಿ ನೋಡಿ. ‘ಬಂದು, ಕೂತು, ನೀರು ಕುಡಿದು, ಎಲೆ ಹಾಕ್ಕೊಂಡು, ಊರ ಸುದ್ದಿಯೆಲ್ಲ ಹೇಳಿ, ಹೊತ್ತು ಮುಳುಗಿದ ಮೇಲೆ ಎದ್ದು ಹೋದ.’ ನಮಗೆ ಒಂದು ‘ಮತ್ತು’ ಕೂಡ ಬೇಕಾಗಲಿಲ್ಲ. ಬಂದು, ಕೂತು, ಕುಡಿದು ಅಂತ ಕ್ರಿಯಾಪದಗಳೇ ಕೈ ಕೈ ಹಿಡಿದು ಸಾಲಾಗಿ ಹೋಗ್ತವೆ. ಇಂಗ್ಲಿಷಿಗೆ ಈ ಸೌಕರ್ಯ ಕಡಿಮೆ. ಹಾಗಾಗಿ ಅಷ್ಟು ‘ಆ್ಯಂಡ್’ ಬೇಕಾದವು. ಆ ಓಟ ನಮ್ಮ ಅಜ್ಜಿಯಂದಿರ ಬಾಯಿಯ ಓಟ. ಕಥೆ ಹೇಳುವವಳೂ ಒಬ್ಬ ಅಜ್ಜಿಯೇ, ಅಚ್ಚಕ್ಕ ಅಂತ ಒಬ್ಬ ಬ್ರಾಹ್ಮಣ ವಿಧವೆ.

ಹೆಸರುಗಳಂತೂ ಒಂದು ಹಬ್ಬ. ವಾಟರ್‌ಫಾಲ್ ವೆಂಕಮ್ಮ, ಬಾಯಿ ಬಿಟ್ಟರೆ ಜಲಪಾತದ ಹಾಗೆ ಸುರಿಯುವವಳು. ಮೂಗು ಕೆರೆಯುವ ನಂಜಮ್ಮ. ಮುಂದಿನ ಮನೆ ಅಕ್ಕಮ್ಮ. ಭತ್ತ ಕುಟ್ಟುವ ರಾಜಮ್ಮ. ಸಿಡುಬಿನ ಕಲೆಯ ಸಿದ್ದ. ಇಂಗ್ಲಿಷ್ ಮಾತಾಡುವ ದೇಶದವರಿಗೆ ಇದು ಚಮತ್ಕಾರದ ಹಾಗೆ ಕಾಣಬಹುದು. ನಮಗೆ ಇದು ಓಟರ್ ಲಿಸ್ಟ್ ಇದ್ದ ಹಾಗೆ. ಕೊನೆಯ ಪುಟದ ಕೊನೆಯ ಮಾತು ಪಟೇಲ ರಂಗೇಗೌಡನದು. ‘ಮೈ ಹಾರ್ಟ್ ಇಟ್ ಬೀಟ್ ಲೈಕ್ ಎ ಡ್ರಮ್.’ ಹಾರ್ಟ್ ಆದಮೇಲೆ ಇನ್ನೊಂದು ‘ಇಟ್’ ಯಾಕೆ? ‘ನನ್ನ ಎದೆ ಇದೆಯಲ್ಲ ತಾಯೀ, ಅದು ನಗಾರಿ ಥರ ಬಡ್ಕೊಳ್ತು.’ ಆ ‘ಅದು’ ಬಿಟ್ಟುಹೋದರೆ ಗೌಡರ ದನಿಯೂ ಹೋಗಿಬಿಡುತ್ತೆ.

ನನ್ನ ಕ್ಲಾಸಿನಲ್ಲಿ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಗೆಳತಿಯರಿದ್ದರು. ಷೇಕ್ಸ್‌ಪಿಯರ್ ಓದುವಾಗ ನಾನು ಅವರ ನೋಟ್ಸ್ ಕೇಳುತ್ತಿದ್ದೆ. ಈ ಪುಸ್ತಕಕ್ಕೆ ಬಂದಾಗ ಅವರು ನನ್ನ ಮಂಚದ ಮೇಲೆ ಬಂದು ಕೂತರು. ‘ಇದು ಹೇಗೆ ಓದೋದು, ಉಸಿರು ಕಟ್ಟುತ್ತೆ’ ಅಂದರು. ಜೋರಾಗಿ ಓದಿ, ಒಳಗೊಳಗೆ ಕನ್ನಡ ಮಾಡ್ಕೊಳ್ಳಿ ಅಂದೆ. ಆ ವಾರ ಹಾಸ್ಟೆಲ್ಲಿನ ಹದಿನೆಂಟನೇ ನಂಬರ್ ರೂಮಿನಲ್ಲಿ ನಾವು ನಾಲ್ಕು ಜನ ಸರದಿ ಮೇಲೆ ಗಟ್ಟಿಯಾಗಿ ಓದಿದೆವು. ಜಯರಾಮಾಚಾರ್ ಹರಿಕಥೆಯಲ್ಲಿ ಗಾಂಧಿಯನ್ನು ಅವತಾರ ಮಾಡಿ ಹೇಳುವ ಭಾಗ ಬಂದಾಗ ಒಬ್ಬಳು ಊಟದ ತಟ್ಟೆಯನ್ನೇ ತಾಳ ಮಾಡಿಕೊಂಡಳು.

ಇಂಥ ಪುಸ್ತಕಗಳನ್ನು ಕ್ಲಾಸಿನಲ್ಲಿ ಓದುವುದಕ್ಕೇ ಒಂದು ಕಾಲದಲ್ಲಿ ಜಗಳ ಆಡಬೇಕಿತ್ತು. ಇಂಗ್ಲಿಷ್ ವಿಭಾಗ ಅಂದರೆ ಇಂಗ್ಲೆಂಡಿನ ಸಾಹಿತ್ಯ ಮಾತ್ರ ಅನ್ನುವ ಕಾಲ ಅದು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು ಆ ಜಗಳ ಆಡಿದವರು. ಕೇಂಬ್ರಿಡ್ಜಿನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ ಹತ್ತಿರ ಓದಿ ಬಂದು, ಇಲ್ಲಿ ರಾಜಾರಾವ್ ಅವರನ್ನು ಪಾಠ ಮಾಡಿದರು. 1979ರಲ್ಲಿ ಧ್ವನ್ಯಾಲೋಕ ಅನ್ನುವ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದರು. ಧಾರವಾಡದಲ್ಲಿ ಎಂ.ಕೆ. ನಾಯಕ್ ಇದ್ದರು. 1982ರಲ್ಲಿ ಸಾಹಿತ್ಯ ಅಕಾಡೆಮಿಗೆ ಅವರು ಬರೆದುಕೊಟ್ಟ ಭಾರತೀಯ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಹಿಡಿಯದೆ ಈ ಪೇಪರ್ ಪಾಸಾದವರು ಕಡಿಮೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1962ರಲ್ಲಿ, ಇದೇ ವಿಷಯದ ಮೇಲೆ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಅವರ ದೊಡ್ಡ ಪುಸ್ತಕ ಬಂದಿತ್ತು. ಇಂಡೋ ಆಂಗ್ಲಿಯನ್ ಅನ್ನಬೇಕೋ, ಇಂಡಿಯನ್ ಇಂಗ್ಲಿಷ್ ಅನ್ನಬೇಕೋ ಅಂತ ಹೆಸರಿನ ಬಗ್ಗೆಯೇ ಅಷ್ಟು ಚರ್ಚೆ. ಹೆಸರಿನ ಚರ್ಚೆ ಪರೀಕ್ಷೆಗೆ ಓದಿದೆ, ಮರೆತೆ.

ಅದೇ ಪೇಪರಿನಲ್ಲಿ ಆರ್.ಕೆ. ನಾರಾಯಣ್ ಇದ್ದರು. ಯಾದವಗಿರಿಯ ಅವರ ಮನೆ ಮುಂದೆ ನಾವು ಎಷ್ಟು ಸಲ ನಡೆದು ಹೋಗಿದ್ದೇವೋ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಅವರು ಇಂಗ್ಲಿಷಿನಲ್ಲೇ ಫೇಲಾಗಿದ್ದರು ಅಂತ ತಿಳಿದಾಗ ನನಗೆ ಬಂದ ಧೈರ್ಯ ಯಾವ ಗೈಡಿನಿಂದಲೂ ಬಂದಿರಲಿಲ್ಲ. ಅವರ ಇಂಗ್ಲಿಷ್ ತಿಳಿನೀರು. ಅವರ ಕಥೆಯ ಹುಡುಗ ಸ್ವಾಮಿ ಮನೆಯಲ್ಲಿ ಯಾವ ಭಾಷೆ ಮಾತಾಡ್ತಾನೆ ಅಂತ ನೀರಿನ ತಳ ನೋಡಿದರೂ ಕಾಣುವುದಿಲ್ಲ. ನನಗೆ ಅವರನ್ನು ಓದುವುದು ಇಷ್ಟ. ಆದರೆ ಓದುತ್ತಾ ನನ್ನ ಕನ್ನಡಕ್ಕೆ ಕೆಲಸ ಇರುವುದಿಲ್ಲ. ಶಶಿ ದೇಶಪಾಂಡೆ ಧಾರವಾಡದವರು, ನಾಟಕಕಾರ ಶ್ರೀರಂಗರ ಮಗಳು. ಅವರ ಜಯಾ ಮುಂಬೈನ ಫ್ಲ್ಯಾಟಿನಲ್ಲಿ ಕೂತು ಹದಿನೇಳು ವರ್ಷದ ಸಂಸಾರ ನೆನೆಯುವ ಕಾದಂಬರಿಯ ಬಗ್ಗೆ ಬರೆಯಲು ಇನ್ನೊಂದು ದಿನ ಬೇಕು.

ಈಗ ಅಜ್ಜಿಯ ವಿಷಯಕ್ಕೆ ಬರ್ತೀನಿ.

ಡಿಸೆಂಬರ್ ರಜಕ್ಕೆ ಊರಿಗೆ ಹೋದೆ. ತೋಟದಲ್ಲಿ ಹಣ್ಣು ಕೊಯ್ಲಿನ ಕಾಲ. ಅಜ್ಜಿ ಕೆಲಸ ಬಿಟ್ಟು, ಸಕಲೇಶಪುರದ ಅಂಚಿನ ಜನತಾ ಮನೆಯಲ್ಲಿ ನಮ್ಮ ಜೊತೆಗಿದ್ದಳು. ಸಂಜೆ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಳಕ್ ಅಂತ ಬಟ್ಟಲಿಗೆ ಹಾರುತ್ತೆ. ನಾನು ಒಂದು ಪುಟ ಇಂಗ್ಲಿಷಿನಲ್ಲಿ ಕಣ್ಣಾಡಿಸಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ಅನುವಾದ ಮಾಡ್ತಿದ್ದೀನಿ ಅಂತ ಅನ್ನಿಸಲೇ ಇಲ್ಲ. ಗಂಟು ಬಿಚ್ಚಿದ ಹಾಗೆ ಬರುತ್ತಿತ್ತು.

ಮೂಗು ಕೆರೆಯುವ ನಂಜಮ್ಮ ಬಂದಾಗ ಅಜ್ಜಿ ನಕ್ಕಳು. ಹಿಮವತಿ ನದಿ ಅಂದಾಗ, ‘ನಮ್ಮ ಹೇಮಾವತಿನೇ ಅಲ್ವಾ ಅದು’ ಅಂದಳು. ಕೆಂಚಮ್ಮ ದೇವಿ ಬಂದಾಗ ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು. ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಅಂತ ಹೋಬಳಿಯೇ ಇದೆ. ಅಜ್ಜಿಗೆ ಅದು ಪುಸ್ತಕದ ದೇವರಲ್ಲ.

ಆಮೇಲೆ ಸ್ಕೆಫಿಂಗ್ಟನ್ ಕಾಫಿ ಎಸ್ಟೇಟಿನ ಭಾಗ. ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿಲ್ಲದ ತೋಟ, ಹತ್ತು ಸಾವಿರ ಎಕರೆಯಾದರೂ ಇರಬೇಕು ಅನ್ನುತ್ತಾರೆ. ಘಟ್ಟದ ಕೆಳಗಿನಿಂದ ಕೂಲಿಗಳು ಬರುತ್ತಾರೆ. ಗಂಡಾಳಿಗೆ ನಾಲ್ಕಾಣೆ, ಹೆಣ್ಣಾಳಿಗೆ ಎರಡಾಣೆ ಅಂತ ಮೇಸ್ತ್ರಿ ಹೇಳಿರುತ್ತಾನೆ. ‘ಎರಡು ಕೂಲಿ ಬೇರೆ ಬೇರೆ ಅನ್ನೋದು ಸರಿಯಾಗಿ ಬರ್ದಿದಾನೆ’ ಅಂದಳು ಅಜ್ಜಿ. ಮುಂದೆ ಆ ಕೂಲಿಗಳ ಸಾಲು ಕೆಂಚಮ್ಮನ ಗುಡಿ ದಾಟಿ ಹೋಗುವ ವರ್ಣನೆ. ಅರೆಬೆತ್ತಲೆ, ಹಸಿದವರು, ಉಗುಳುತ್ತಾ, ಅಳುತ್ತಾ, ವಾಂತಿ ಮಾಡುತ್ತಾ, ಕೆಮ್ಮುತ್ತಾ, ನಡುಗುತ್ತಾ, ಅರಚುತ್ತಾ, ನರಳುತ್ತಾ. ಪದದ ಮೇಲೆ ಪದ. ತುಂಬಾ ಒಳ್ಳೆಯ ವಾಕ್ಯ ಅಂತ ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ.

ಅಜ್ಜಿಯ ಕೈ ನಿಂತಿತು.

‘ಇದನ್ನ ಹೇಳ್ತಿರೋಳು ಎಲ್ಲಿ ನಿಂತು ನೋಡ್ತಿದಾಳೆ?’

ನಾನು ಪುಟ ತಿರುಗಿಸಿದೆ. ರಸ್ತೆ ಬದಿ ಇರಬೇಕು ಅಂದೆ.

‘ದೂರ ನಿಂತಿದಾಳೆ. ನಾವು ಲಾರಿ ತುಂಬ ಹಾಡ್ಕೊಂಡು ಬಂದ್ವಿ ಮಗ. ಗುಂಡ್ಯ ದಾಟೋವರೆಗೂ ಪಾಡ್ದನ ಹೇಳ್ತಾ ಇದ್ರು ಹೆಂಗಸರು. ಘಟ್ಟ ಹತ್ತಿದ ಮೇಲೆ ಚಳಿಗೆ ಬಾಯಿ ಮುಚ್ಕೊಂಡ್ವಿ. ಅತ್ತಿದ್ದೂ ಹೌದು, ವಾಂತಿ ಮಾಡಿದ್ದೂ ಹೌದು. ಹಾಡು ಅವಳಿಗೆ ಕೇಳಿಸಿಲ್ಲ.’

ಅಷ್ಟು ಹೇಳಿ ಮತ್ತೆ ಅವರೆಕಾಳಿಗೆ ಕೈ ಹಾಕಿದಳು.

ನಾನು ಆ ರಾತ್ರಿ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ. ಹೇಳುವವಳು ಎಲ್ಲಿ ನಿಂತಿದ್ದಾಳೆ ಅನ್ನುವುದೊಂದನ್ನೇ ನೋಡುತ್ತಾ ಹೋದೆ. ಅದು ಸಿಕ್ಕಿದ್ದು ಅಲ್ಲೇ, ಶುರುವಿನ ಪುಟಗಳಲ್ಲೇ. ಎರಡು ಸಲ ಓದಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಚ್ಚಕ್ಕ ಹೇಳುತ್ತಾಳೆ: ನಮ್ಮೂರಲ್ಲಿ ಇಪ್ಪತ್ತನಾಲ್ಕು ಮನೆ. ಯಾವ ಮನೆ ಎಷ್ಟು ದೊಡ್ಡದು, ಯಾರದು ಎರಡಂತಸ್ತು, ಎಲ್ಲ ಗೊತ್ತು. ಸ್ವಲ್ಪ ಮುಂದೆ ಹೋದ ಮೇಲೆ ಒಪ್ಪಿಕೊಳ್ಳುತ್ತಾಳೆ, ಇಲ್ಲಿಯವರೆಗೆ ಹೇಳಿದ್ದು ಬ್ರಾಹ್ಮಣರ ಕೇರಿ ಮಾತ್ರ. ಹೊಲಗೇರಿಯೂ ಇತ್ತು, ಕುಂಬಾರರ ಕೇರಿ, ನೇಕಾರರ ಕೇರಿ, ಶೂದ್ರರ ಕೇರಿಯೂ ಇತ್ತು. ಅಲ್ಲಿ ಗುಡಿಸಲು ಎಷ್ಟು? ಗೊತ್ತಿಲ್ಲ. ತೊಂಬತ್ತೋ ನೂರೋ. ನಾನು ಹೊಲಗೇರಿಗೆ ಹೋಗಿರ್ತೀನಿ ಅಂತ ನೀವು ಅಂದ್ಕೊಳ್ಳೋದಿಲ್ಲವಲ್ಲ, ಆದರೆ ಬೀದಿ ಮೂಲೆಯಿಂದ ತೋಟಿ ತಿಮ್ಮಯ್ಯನ ಗುಡಿಸಲು ನೋಡಿದ್ದೀನಿ. ಅದು ನಡುವೆ ಇತ್ತು. ಈ ಕಡೆ ನಾಲ್ಕು, ಆ ಕಡೆ ಆರೋ ಏಳೋ ಎಂಟೋ ಅಂದ್ಕೊಂಡರೆ, ಎಲ್ಲ ಸೇರಿ ಹದಿನೈದೋ ಇಪ್ಪತ್ತೋ ಗುಡಿಸಲು.

ಊರ ದೇವಿಯ ಪುರಾಣ ಗೊತ್ತು, ನದಿಯ ಪುರಾಣ ಗೊತ್ತು, ಎಲ್ಲರ ಮನೆಯ ಜಗಳ ಗೊತ್ತು. ಕೂಗಳತೆ ದೂರದ ಗುಡಿಸಲು ಎಷ್ಟು ಅಂತ ಗೊತ್ತಿಲ್ಲ.

ಸೆಮಿನಾರಿನಲ್ಲಿ ನಾನು ಮಂಡಿಸಿದ್ದು ಈ ಒಂದು ಪ್ಯಾರಾವನ್ನೇ. ಪೂರ್ತಿ ನಲವತ್ತು ನಿಮಿಷ. ಗಾಂಧಿಯನ್ನು ನಂಬಿದ ಬ್ರಾಹ್ಮಣ ಹುಡುಗ ಮೂರ್ತಿ ಹೊಲಗೇರಿಯ ರಾಚಣ್ಣನ ಮನೆಯೊಳಗೆ ಕಾಲಿಡುವಾಗ ಅವನ ಮೈ ಹೇಗೆ ಹಿಂಜರಿಯುತ್ತೆ, ಕೊಟ್ಟ ಹಾಲನ್ನು ತುಟಿಗೆ ಮುಟ್ಟಿಸಲು ಎಷ್ಟು ಕಷ್ಟಪಡುತ್ತಾನೆ, ಆಮೇಲೆ ಗಂಗಾಜಲ ಕುಡಿದು ಹೇಗೆ ಹಗುರಾಗುತ್ತಾನೆ ಅನ್ನುವುದನ್ನೂ ಇದರ ಪಕ್ಕ ಇಟ್ಟು ನೋಡಿದೆ. ಗಾಂಧಿಯ ಮಾತು ಅವನ ತಲೆಗೆ ಹೋಗಿದೆ, ಮೈಗೆ ಇನ್ನೂ ಇಳಿದಿಲ್ಲ. ಗೈಡಿನ ‘ಗಾಂಧೀ ವಿಚಾರ’ದಲ್ಲಿ ಈ ನಡುಕ ಇರಲಿಲ್ಲ.

ನನ್ನ ಮಾತು ಮುಗಿದ ಮೇಲೆ ಆ ಪೇಪರಿನ ಮೇಷ್ಟರು ಒಂದು ಪ್ರಶ್ನೆ ಕೇಳಿದರು. ‘ಎಣಿಸದೆ ಹೋದದ್ದು ಅಚ್ಚಕ್ಕನ ತಪ್ಪೋ, ರಾಜಾರಾವ್ ತಪ್ಪೋ?’ ಆ ದಿನ ಏನೋ ಉತ್ತರ ಹೇಳಿದೆ. ಆದರೆ ಆ ಪ್ರಶ್ನೆಯನ್ನು ಇಷ್ಟು ವರ್ಷ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದೇನೆ.

ಈಗ ನನ್ನ ಉತ್ತರ ಇದು. ಆ ಪ್ಯಾರಾ ರಾಜಾರಾವ್ ಬರೆದ ಅತ್ಯಂತ ಪ್ರಾಮಾಣಿಕ ಪ್ಯಾರಾಗಳಲ್ಲಿ ಒಂದು. ಅಚ್ಚಕ್ಕನ ಬಾಯಲ್ಲಿ ಸರಿಯಾದ ಲೆಕ್ಕ ಹೇಳಿಸಿದ್ದರೆ ಅದು ಸುಳ್ಳಾಗುತ್ತಿತ್ತು. 1930ರ ಹೊತ್ತಿನ ಆ ಊರಿನ ವಿಧವೆ ನಿಲ್ಲಬಹುದಾಗಿದ್ದ ಜಾಗ ಬೀದಿ ಮೂಲೆ, ಆತ ಅವಳನ್ನು ಅಲ್ಲೇ ನಿಲ್ಲಿಸಿದ್ದಾರೆ. ಅವಳು ನೋಡಲಾಗದ್ದನ್ನು ಅವಳ ಬಾಯಿಂದಲೇ ಹೇಳಿಸಿದ್ದಾರೆ. ಆದರೂ ನನಗೆ ಅಲ್ಲಿಗೆ ತೃಪ್ತಿ ಇಲ್ಲ. ಅದೇ ಅಚ್ಚಕ್ಕ ಮುಂದೆ ಲೈನ್ ಮನೆಯೊಳಗಿನ ಜ್ವರ, ಹರಕೆ, ಭಯ ಎಲ್ಲವನ್ನೂ ಕಣ್ಣಾರೆ ಕಂಡ ಹಾಗೆ ಹೇಳುತ್ತಾಳೆ. ಗುಡಿಸಲು ಎಣಿಸಲಾರದವಳಿಗೆ ಅದರ ಒಳಗು ಹೇಗೆ ತಿಳಿಯಿತು? ಅಲ್ಲಿ ಲೇಖಕರು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಮುಂದೆ ಬಂದಿದ್ದಾರೆ. ಹಾಡು ಕೇಳಿಸದೆ ಹೋದದ್ದೂ ಅಲ್ಲೇ.

‘ಕಾಂತಾಪುರ’ಕ್ಕೆ ಮೂರು ವರ್ಷ ಮೊದಲು, 1935ರಲ್ಲಿ, ಮುಲ್ಕ್ ರಾಜ್ ಆನಂದ್ ಕಕ್ಕಸು ಗುಡಿಸುವ ಹುಡುಗ ಬಖನ ಒಂದೇ ದಿನವನ್ನು ಒಂದು ಕಾದಂಬರಿ ಮಾಡಿದ್ದರು. ಅದು ಬಖನ ಜೊತೆಯಲ್ಲೇ ನಡೆಯುವ ಪುಸ್ತಕ. ಆದರೆ ಒಳಗಿನಿಂದ ಎಣಿಸಿದವರನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಹೆಸರಿನಲ್ಲೇ ಊರೂ ಇದೆ, ಕೇರಿಯೂ ಇದೆ. ಹಾಗಾಗಿ ಇಂಗ್ಲಿಷ್ ಎಂ.ಎ. ಮಾಡುತ್ತಲೇ ನಾನು ಕನ್ನಡದ ಕಪಾಟಿನ ಕಡೆ ಓಡಾಡುವುದು ಜಾಸ್ತಿಯಾಯಿತು.

ಈಗ ನಾನೊಂದು ತಾಲ್ಲೂಕು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ‘ಕಾಂತಾಪುರ’ ಶುರುಮಾಡುವ ಮೊದಲ ದಿನ ಪುಸ್ತಕ ತೆರೆಸುವುದಿಲ್ಲ. ನಿಮ್ಮ ಬೀದಿಯ ಹತ್ತು ಜನರನ್ನು ಊರವರು ಏನಂತ ಕರೀತಾರೆ, ಬರ್ಕೊಂಡು ಬನ್ನಿ ಅಂತೀನಿ. ಮಾರನೇ ದಿನ ಬರುವ ಹೆಸರುಗಳನ್ನು ನೋಡಬೇಕು ನೀವು. ಗಿರಣಿ ಮನೆ ಶಾರದಕ್ಕ. ಮಿಲಿಟ್ರಿ ಮಂಜಣ್ಣ. ಬಾವಿಕಟ್ಟೆ ಫಾತಿಮಾ. ಅವನ್ನು ಬೋರ್ಡಿನ ಮೇಲೆ ಇಂಗ್ಲಿಷಿಗೆ ತಿರುಗಿಸ್ತೀವಿ. ಇಂಗ್ಲಿಷ್ ಅಂದರೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗರು ಆ ದಿನ ಬಾಯಿ ಬಿಡ್ತಾರೆ. ಎರಡನೇ ದಿನದ ಕೆಲಸ ಬೇರೆ. ನಿಮ್ಮೂರಲ್ಲಿ ಯಾವ ಬೀದಿಯ ಮನೆಗಳ ಲೆಕ್ಕ ನಿಮಗೆ ಗೊತ್ತಿಲ್ಲ? ಇದನ್ನು ಕೇಳಿದ ಮೇಲೆ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಆ ಮೌನವನ್ನು ನಾನು ಅವಸರ ಮಾಡಿ ಮುರಿಯುವುದಿಲ್ಲ.

ಹೋದ ತಿಂಗಳು ಒಂದು ಕೆಲಸದ ಮೇಲೆ ನಮ್ಮ ಹಳೇ ತೋಟದ ಕಡೆ ಹೋಗಿದ್ದೆ. ಲೈನ್ ಮನೆಗಳಲ್ಲಿ ಒಂದು ಸಾಲು ಕೆಡವಿದ್ದಾರೆ. ಇನ್ನೊಂದು ಸಾಲಿನ ಗೋಡೆಗೆ ಹಳದಿ ಬಣ್ಣ ಬಳಿದು, ಮುಂದೆ ಬೆತ್ತದ ಕುರ್ಚಿ ಹಾಕಿ ಹೋಂ ಸ್ಟೇ ಮಾಡಿದ್ದಾರೆ. ಶನಿವಾರ ಬೆಂಗಳೂರಿನ ಕಾರುಗಳು ಬರ್ತವೆ. ನಲ್ಲಿ ಇದ್ದ ಜಾಗದಲ್ಲಿ ಕ್ಯಾಂಪ್ ಫೈರಿನ ಗುಂಡಿ. ‘ಕಾಂತಾಪುರ’ದ ಕೊನೆಯಲ್ಲೂ ಊರು ಸುಟ್ಟು ಖಾಲಿಯಾದ ಮೇಲೆ ಬೊಂಬಾಯಿಯವರು ಬಂದು ಬೆಬ್ಬೂರ್ ದಿಬ್ಬದ ಮೇಲೆ ಮನೆ ಕಟ್ಟಿರ್ತಾರೆ. ರಂಗೇಗೌಡ ಒಬ್ಬನೇ ವಾಪಸ್ ಹೋಗಿ, ಹಿಮವತಿಯ ನೀರು ಮೂರು ಬೊಗಸೆ ಕುಡಿದು ಬಂದು ಹೇಳ್ತಾನೆ, ಕಾಂತಾಪುರದಲ್ಲಿ ಮನುಷ್ಯರೂ ಇಲ್ಲ, ಸೊಳ್ಳೆಯೂ ಇಲ್ಲ. ಆ ಹಳದಿ ಗೋಡೆಯ ಮುಂದೆ ನಿಂತಾಗ ಆ ಸಾಲು ತಾನಾಗಿ ಬಾಯಿಗೆ ಬಂತು.

ಮನೆಗೆ ಬಂದವಳು ಒಂದು ನೋಟ್‌ಬುಕ್ ತೆಗೆದು ಬರೆಯತೊಡಗಿದೆ. ಎರಡು ಲೈನು. ಒಂದೊಂದರಲ್ಲಿ ಹತ್ತು ಮನೆ. ಸರಿಯಾಗಿ ಇಪ್ಪತ್ತು.

ಮೊದಲನೇದು ಮೇಸ್ತ್ರಿ ಮನೆ. ಎರಡನೇದು ರೇಡಿಯೋ ಮನೆ, ನಮ್ಮ ಲೈನಿಗೆ ಮೊದಲು ರೇಡಿಯೋ ತಂದವರು. ಮೂರನೇದು ಬೀಡಿ ಬಾಬಣ್ಣನದು. ನಾಲ್ಕು, ಕೋಳಿ ಸುಂದರಿ. ಐದು, ನಾವು. ನಮ್ಮನ್ನು ‘ಪುತ್ತೂರಮ್ಮನ ಮನೆ’ ಅನ್ನುತ್ತಿದ್ದರು. ಆರು, ತಮಿಳಿನ ಅಕ್ಕ, ದೀಪಾವಳಿಗೆ ಎಲ್ಲರಿಗೂ ಮುರುಕು ಕೊಡುತ್ತಿದ್ದವಳು. ಏಳು, ಜ್ವರದ ಸಿದ್ದಣ್ಣ, ಮಳೆಗಾಲ ಪೂರ್ತಿ ಮಲಗಿರುತ್ತಿದ್ದ. ಎಂಟು, ಸ್ಪ್ರೇ ಮೋನು, ತೋಟಕ್ಕೆ ಔಷಧಿ ಹೊಡೆಯುವವನು. ಒಂಬತ್ತು, ದೊಡ್ಡ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋಗಿ ಪಾತ್ರೆ ತೊಳೆಯುತ್ತಿದ್ದ ಚೆನ್ನಿ. ಹತ್ತು, ಕೊನೆಮನೆ ಕಮಲ. ಎದುರು ಸಾಲಿನಲ್ಲಿ ಹನ್ನೊಂದು, ಹನ್ನೆರಡು, ಹದಿಮೂರು ಬಂದವು. ಹದಿನಾಲ್ಕು ಬರಲೇ ಇಲ್ಲ. ಬಾಗಿಲಿನ ನೀಲಿ ಬಣ್ಣ ನೆನಪಿದೆ, ಒಲೆ ಯಾವ ಕಡೆ ಇತ್ತು ಅನ್ನುವುದೂ ನೆನಪಿದೆ. ಜನ ನೆನಪಾಗಲಿಲ್ಲ.

ರಾತ್ರಿ ಒಂಬತ್ತಾಗಿತ್ತು. ಅಜ್ಜಿಗೆ ಫೋನ್ ಮಾಡಿದೆ. ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ ತಿಳಿಯಿತು.

‘ಹದಿನಾಲ್ಕಾ? ಅಲ್ಲಿ ಹಾಡೋ ಗಿರಿಜಾ ಮನೆ ಅಲ್ವಾ. ನನ್ನ ಜೊತೆ ಅದೇ ಲಾರೀಲಿ ಬಂದೋಳು. ಅವಳ ಗಂಡ ಬೇಗ ಹೋದ. ಇಬ್ಬರು ಮಕ್ಕಳು, ದೊಡ್ಡದು ಹುಡುಗಿ, ಆಮೇಲೆ ಹುಟ್ಟಿದ್ದು ಗಂಡು. ಒಂದು ಕಪ್ಪು ನಾಯಿ ಇತ್ತು, ಅದೂ ಬರ್ಕೋ.’